ಭಟ್ಟಿ ಓಣಿಯ 14 ಬೆಕ್ಕುಗಳು: ಚೀಲಕ್ಕೆ ತುಂಬಿ ಬಿಟ್ಟು ಬರುವ ಮುಂಚೆ ಓದಿ

ಭಟ್ಟಿ ಓಣಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಳೇ ದಾವಣಗೆರೆ ಕಡೆ, ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ. ಭತ್ತದ ಚೀಲ ಇರುವ ಕಡೆ ಇಲಿ, ಇಲಿ ಇರುವ ಕಡೆ ಬೆಕ್ಕು. ಚಿಕ್ಕಂದಿನಿಂದ ಬೆಕ್ಕಿಲ್ಲದ ದಿನವನ್ನೇ ನಾನು ನೋಡಿಲ್ಲ. ಆಗ ಮೂರೋ ನಾಲ್ಕೋ ಇರುತ್ತಿದ್ದವು. ಹೋದ ತಿಂಗಳು ಎಣಿಸಿದರೆ 17. ಇವು ಸಾಕಿದವಲ್ಲ. ಕರೆದರೆ ಬರುವುದಿಲ್ಲ, ಹತ್ತಿರ ಹೋದರೆ ಶೀಟಿನ ಮೇಲೆ ಹಾರಿ ಕಾಣೆಯಾಗುತ್ತವೆ.

ರಾತ್ರಿಯೆಲ್ಲ ಕೂಗಾಟ, ಗಡವ ಬೆಕ್ಕುಗಳ ಜಗಳ, ಮೆಟ್ಟಿಲ ಮೇಲೆ ಉಚ್ಚೆ ವಾಸನೆ. ಓಣಿಯವರು ಬೇಸತ್ತಿದ್ದು ನಿಜ. ಹಾಗಾಗಿ ಕಳೆದ ಭಾನುವಾರ ನಾಲ್ಕು ಜನ ಸೇರಿ ಮೂರು ಬೆಕ್ಕು ಹಿಡಿದರು. ಗೋಣಿಚೀಲಕ್ಕೆ ತುಂಬಿ, ಆಟೋದಲ್ಲಿ ಒಯ್ದು ಎಪಿಎಂಸಿ ಹತ್ತಿರ ಬಿಟ್ಟು ಬಂದರು. ಈಗ 14 ಉಳಿದಿವೆ.

ಮೂರನೇ ದಿನ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ನೀರಿನ ಟ್ಯಾಂಕಿನ ಹಿಂದೆ ಹಳೇ ಮರದ ಪೆಟ್ಟಿಗೆಯಲ್ಲಿ ನಾಲ್ಕು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎರಡಕ್ಕೆ ಇರುವೆ ಮುತ್ತಿದ್ದವು, ಜೀವ ಇರಲಿಲ್ಲ. ಒಂದು ಅವತ್ತೇ ರಾತ್ರಿ ನನ್ನ ಸೆರಗಿನಲ್ಲೇ ಹೋಯಿತು. ಒಂದು ಉಳಿದಿದೆ. ಚೀಲದಲ್ಲಿ ಹೋದ ಮೂರರಲ್ಲಿ ಒಂದು ಇವುಗಳ ತಾಯಿ.

ಚೀಲಕ್ಕೆ ಹಾಕಿದವರು ಕೆಟ್ಟವರಲ್ಲ. ನಮ್ಮ ಮನೆ ಮದುವೆಯಲ್ಲಿ ಮುಂದೆ ನಿಂತು ಬಡಿಸಿದವರು. ಮರಿ ತೋರಿಸಿದಾಗ ಅವರಲ್ಲೊಬ್ಬರು ಮಾತೇ ಆಡಲಿಲ್ಲ, ತಲೆ ತಗ್ಗಿಸಿ ಹೋದರು. ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ವಾಪಸ್ ಬಿಡುತ್ತಾರಂತೆ ಅಂತ ಕೇಳಿದ್ದೇನೆ. ನಮ್ಮೂರಲ್ಲಿ ಯಾರಾದರೂ ಮಾಡಿಸಿದ್ದೀರಾ? ಉಳಿದ ಮರಿಗೆ ಇಂಕ್ ಫಿಲ್ಲರ್‌ನಲ್ಲಿ ಆಕಳ ಹಾಲು ಹಾಕುತ್ತಿದ್ದೇನೆ. ಭೇದಿ ಆಗುತ್ತಿದೆ.

ನಿಟುವಳ್ಳಿ ಹುಡುಗ

ಅಕ್ಕಾರೆ, ಮೊದಲು ಆ ಹಾಲು ನಿಲ್ಲಿಸಿ. ಆಕಳ ಹಾಲು ಮರಿಗೆ ಅರಗುವುದಿಲ್ಲ, ಭೇದಿಯಾಗಿ ನೀರಿನಂಶ ಹೋಗಿಯೇ ಸಾಯುತ್ತವೆ. ಬೆಕ್ಕಿನ ಮರಿಗೆ ಅಂತಲೇ ಹಾಲಿನ ಪುಡಿ ಬರುತ್ತದೆ, ಸಾಕುಪ್ರಾಣಿ ಅಂಗಡಿಯಲ್ಲಿ ಕೇಳಿ.

ಹಾಲಿಗಿಂತ ಮುಂಚೆ ಬಿಸಿ ಬೇಕು. ಮೈ ತಣ್ಣಗಿರುವ ಮರಿಗೆ ಏನೂ ಕುಡಿಸಬೇಡಿ. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ಬೆಚ್ಚಗಾದ ಮೇಲೆ ಹಾಲು. ಅದನ್ನೂ ನಮ್ಮ ಮಕ್ಕಳಿಗೆ ಕುಡಿಸಿದ ಹಾಗೆ ಅಂಗಾತ ಮಲಗಿಸಿ ಅಲ್ಲ, ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಬೇಕು. ಇಲ್ಲದಿದ್ದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ. ಇಷ್ಟು ಚಿಕ್ಕವು ತಾವಾಗಿ ಉಚ್ಚೆ ಮಾಡಲಾರವು, ತಾಯಿ ನೆಕ್ಕಿ ಮಾಡಿಸುತ್ತದೆ. ಈಗ ನೀವೇ ತಾಯಿ.

ಇನ್ನು ಆಪರೇಷನ್ ವಿಷಯ. ನಾವು ನಮ್ಮ ಬೀದಿಯಲ್ಲಿ ಮಾಡಿಸಿದ್ದೇವೆ, ಒಂಬತ್ತು ಬೆಕ್ಕು. ಬೋನಿನಲ್ಲಿ ಹಿಡಿಯುವುದು, ಆಪರೇಷನ್ ಮಾಡಿಸುವುದು, ಹಿಡಿದ ಜಾಗದಲ್ಲೇ ಬಿಡುವುದು. ಆಪರೇಷನ್ ಆದದ್ದಕ್ಕೆ ಗುರುತಾಗಿ, ಮತ್ತಿನಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಸುಮಾರು 1 ಸೆಂಟಿಮೀಟರ್ ನೇರವಾಗಿ ಕತ್ತರಿಸುತ್ತಾರೆ. ದೂರದಿಂದಲೇ ಗೊತ್ತಾಗುತ್ತದೆ, ಅದನ್ನೇ ಮತ್ತೆ ಹಿಡಿದು ಹಿಂಸೆ ಕೊಡುವುದು ತಪ್ಪುತ್ತದೆ.

ಕೆ.ಬಿ. ಬಡಾವಣೆ ಮೇಷ್ಟ್ರು

ತಾಯಿ, ಮರಿಗಳ ವಿಷಯ ಓದಿ ಸಂಕಟವಾಯಿತು. ಆದರೂ ಒಂದು ಮಾತು ಕೇಳಲೇಬೇಕು. ಅಷ್ಟು ಕಷ್ಟಪಟ್ಟು ಹಿಡಿದ ಮೇಲೆ ವಾಪಸ್ ಅಲ್ಲೇ ಯಾಕೆ ಬಿಡಬೇಕು? ನಿವೃತ್ತಿಯಾದ ಮೇಲೆ ನನಗಿರುವುದು ಒಂದು ಕೈತೋಟ. ಮೆಂತ್ಯ ಬಿತ್ತಿದ ಮಡಿಯನ್ನು ರಾತ್ರಿ ಕೆದರಿ ಹೊಲಸು ಮಾಡಿ ಹೋಗುತ್ತವೆ. ಆ ಸೊಪ್ಪನ್ನು ಮೊಮ್ಮಕ್ಕಳಿಗೆ ಹೇಗೆ ಕೊಡಲಿ? ದೂರ ಬಿಟ್ಟರೆ ಅವೂ ಬದುಕುತ್ತವೆ, ನಾವೂ ಬದುಕುತ್ತೇವೆ ಅಲ್ವಾ?

ಪ್ರಾಣಿ ಡಾಕ್ಟರ್

ಸರ್, ನಿಮ್ಮ ಪ್ರಶ್ನೆ ಸರಿಯಾಗಿದೆ. ದೂರ ಬಿಟ್ಟರೆ ಅವು ಬದುಕುವುದು ಕಡಿಮೆ. ಬೆಕ್ಕಿಗೆ ಜಾಗವೇ ಜೀವ. ಎಲ್ಲಿ ನೀರು, ಯಾವ ಸಂದಿಯಲ್ಲಿ ನಾಯಿ ಬರುವುದಿಲ್ಲ, ಯಾವ ಮನೆಯವರು ಮೀನಿನ ತಲೆ ಹಾಕುತ್ತಾರೆ, ಎಲ್ಲ ಅದಕ್ಕೆ ಗೊತ್ತಿರುತ್ತದೆ. ಹೊಸ ಜಾಗದಲ್ಲಿ ಇದ್ಯಾವುದೂ ಗೊತ್ತಿರುವುದಿಲ್ಲ. ಹಳೇ ಮನೆ ಹುಡುಕಿ ಹೊರಟು ಗಾಡಿಗೆ ಸಿಗುತ್ತವೆ.

ಖಾಲಿಯಾದ ಜಾಗವೂ ಖಾಲಿ ಉಳಿಯುವುದಿಲ್ಲ. ತಿನ್ನಲು ಇದೆ, ಮಲಗಲು ಬೆಚ್ಚನೆ ಜಾಗ ಇದೆ ಅಂದರೆ ಪಕ್ಕದ ಓಣಿಯಿಂದ ಬೇರೆಯವು ಬಂದು ಸೇರುತ್ತವೆ. ಬರುವವಕ್ಕೆ ಆಪರೇಷನ್ ಆಗಿರುವುದಿಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ 63ರಿಂದ 65 ದಿನ. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲಬಹುದು. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ಮೂರರಿಂದ ಐದು ಮರಿ. ನೀವು ಚೀಲ ಹೊರುವ ವೇಗಕ್ಕಿಂತ ಅವು ಹುಟ್ಟುವ ವೇಗ ಜಾಸ್ತಿ.

ಆಪರೇಷನ್ ಆದ ಬೆಕ್ಕು ತನ್ನ ಜಾಗ ಕಾಯುತ್ತದೆ, ಆದರೆ ಮರಿ ಹಾಕುವುದಿಲ್ಲ. ಹೆಣ್ಣಿನ ಬೆದೆ ಕೂಗು ನಿಲ್ಲುತ್ತದೆ. ಗಂಡಿನ ಉಚ್ಚೆಯ ಆ ಕಟು ವಾಸನೆ, ಜಗಳ, ಅಲೆದಾಟ ಕೆಲವು ವಾರಗಳಲ್ಲಿ ಇಳಿಯುತ್ತವೆ. ಮಾರನೇ ದಿನವೇ ಅಲ್ಲ, ರಕ್ತದಲ್ಲಿನ ಹಾರ್ಮೋನು ಇಳಿಯಲು ಸಮಯ ಬೇಕು. ಆ ಕೆಲವು ವಾರ ಗಂಡು ಬೆಕ್ಕಿನಿಂದ ಗಬ್ಬ ನಿಲ್ಲುವ ಸಾಧ್ಯತೆಯೂ ಇರುತ್ತದೆ.

ನಿಮ್ಮ ತೋಟಕ್ಕೆ ಒಂದು ಉಪಾಯ. ಬೆಕ್ಕಿಗೆ ಬೇಕಿರುವುದು ಸಡಿಲ ಮಣ್ಣು. ಬಿತ್ತಿದ ಮಡಿಯ ಮೇಲೆ ಕೋಳಿ ಜಾಲರಿ ಹಾಸಿ, ಸೊಪ್ಪು ಅದರ ಕಣ್ಣಿನಿಂದಲೇ ಮೇಲೆ ಬರುತ್ತದೆ. ಕಾಂಪೌಂಡಿನ ಮೂಲೆಯಲ್ಲಿ ಎರಡು ಬುಟ್ಟಿ ಒಣ ಮರಳು ಸುರಿಯಿರಿ, ಅಲ್ಲಿಗೆ ಹೋಗುತ್ತವೆ. ನುಸಿ ಗುಳಿಗೆ, ಫಿನಾಯಿಲ್ ಮಾತ್ರ ಹಾಕಬೇಡಿ. ಕಾಲಿಗೆ ಹತ್ತಿದ್ದನ್ನು ಬೆಕ್ಕು ನೆಕ್ಕುತ್ತದೆ, ಎರಡೂ ಅದಕ್ಕೆ ವಿಷ.

ಕುಂದವಾಡ ಪಕ್ಷಿಪ್ರೇಮಿ

ನಾನು ಬೆಕ್ಕಿನ ಪರವಾಗಿ ಬಂದವನಲ್ಲ, ಮೊದಲೇ ಹೇಳುತ್ತೇನೆ. ಕುಂದವಾಡ ಕೆರೆ ಏರಿ ಮೇಲೆ ಬೆಳಗ್ಗೆ ನಡೆಯುವವನು. ಟಿಟ್ಟಿಭ ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿ. ಅಂಥವಕ್ಕೆ ಬೆಕ್ಕು ಬಂದರೆ ಮುಗಿಯಿತು. ದಯವಿಟ್ಟು ಯಾರೂ ಕೆರೆ ಕಡೆ ಬೆಕ್ಕು ಬಿಡಬೇಡಿ, ಅಲ್ಲಿ ಅನ್ನವನ್ನೂ ಹಾಕಬೇಡಿ.

ಆದರೆ ಹಿಡಿದು ಮುಗಿಸಿಬಿಡುವ ದಾರಿಯ ಬಗ್ಗೆ ಒಂದು ಸಂಗತಿ ಹೇಳಬೇಕು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಮರಿಯನ್ ಅಂತ ಒಂದು ದ್ವೀಪ ಇದೆ, ದಕ್ಷಿಣ ಆಫ್ರಿಕಾಕ್ಕೆ ಸೇರಿದ್ದು. ಅಲ್ಲಿನ ಹವಾಮಾನ ಕೇಂದ್ರದಲ್ಲಿ ಇಲಿ ಕಾಟ ಅಂತ 1949ರಲ್ಲಿ ಐದು ಬೆಕ್ಕು ತಂದರು. 1970ರ ದಶಕದ ಹೊತ್ತಿಗೆ ಅವು ಎರಡು ಸಾವಿರ ದಾಟಿದ್ದವು, ಕಡಲ ಹಕ್ಕಿಗಳನ್ನು ಲಕ್ಷಗಟ್ಟಲೆ ತಿನ್ನುತ್ತಿದ್ದವು. ಆಮೇಲೆ ರೋಗಾಣು ಬಿಟ್ಟರು, ರಾತ್ರಿ ಗುಂಡು ಹೊಡೆದರು, ಬೋನು ಇಟ್ಟರು. 1991ರ ಹೊತ್ತಿಗೆ ಮುಗಿಯಿತು. ಸುತ್ತ ಸಮುದ್ರ ಇದ್ದು, ಹೊರಗಿನಿಂದ ಒಂದೇ ಒಂದು ಬೆಕ್ಕು ಬರಲಾಗದ ಜಾಗದಲ್ಲಿ ಅಷ್ಟು ವರ್ಷ. ದಾವಣಗೆರೆಗೆ ಯಾವ ಸಮುದ್ರ ಇದೆ? ಹಾಗಾಗಿ ಹಕ್ಕಿಗಳ ಸಲುವಾಗಿಯೇ ನಾನೂ ಆಪರೇಷನ್ ಕಡೆಗೇ ಬರುತ್ತೇನೆ. ಒಂದು ಬೋನಿನ ಖರ್ಚು ನನ್ನದು.

ಮಂಡಕ್ಕಿ ಅಣ್ಣ

ಅಕ್ಕಾ, ನಿಮ್ಮ ಓಣಿ ಮುಂದಿನ ಭಟ್ಟಿ ನಮ್ದೇ. ಚೀಲ ಕೊಟ್ಟವನು ನಾನೇ. ಮೊನ್ನೆಯಿಂದ ನಿದ್ದೆ ಇಲ್ಲ.

ಬೆಳಗಿನ ಜಾವ ಒಲೆ ಹಚ್ಚಿ ಮರಳು ಕಾಯಿಸುವ ಹೊತ್ತಿಗೆ ಅವು ಬಂದು ಬೂದಿ ಗುಡ್ಡೆ ಸುತ್ತ ಕೂರುತ್ತವೆ. ಹೊಟ್ಟಿನ ಬೂದಿ ಬಹಳ ಹೊತ್ತು ಬೆಚ್ಚಗಿರುತ್ತದೆ. ಬೂದು ಬಣ್ಣದ ಒಂದು ಹೆಣ್ಣು ಇದೆ, ಬೂದಿಯಲ್ಲಿ ಮಲಗಿದರೆ ಕಾಣಿಸುವುದೇ ಇಲ್ಲ. ಕಣ್ಣು ಬಿಟ್ಟಾಗಲೇ ಗೊತ್ತಾಗೋದು. ಇವು ಇರೋದಕ್ಕೇ ನಮ್ಮ ಭತ್ತದ ಚೀಲ ಉಳಿದಿವೆ. ಎಲ್ಲವನ್ನೂ ಓಡಿಸಿದರೆ ನಾನು ಇಲಿ ಪಾಷಾಣ ಇಡಬೇಕು. ತಿನ್ನೋ ಪದಾರ್ಥದ ಜಾಗದಲ್ಲಿ ಪಾಷಾಣ ಹೇಗೆ ಇಡೋದು?

ನಮ್ಮಲ್ಲಿ ಬೆಕ್ಕು ಬಾಯಿ ಹಾಕಿದ ನೀರು ಮೈಲಿಗೆ ಅಲ್ಲ ಅಂತ ಹಿರಿಯರು ಹೇಳಿಕೊಟ್ಟಿದ್ದಾರೆ. ಅವನ್ನು ನೋಯಿಸೋಕೆ ಮನಸ್ಸಿಲ್ಲ. ಆದರೆ ಹುಟ್ಟೋ ಮರಿಯನ್ನು ಹುಟ್ಟದ ಹಾಗೆ ಮಾಡೋದು ಪಾಪ ಅಲ್ವಾ ಅಕ್ಕಾ? ಇದೊಂದು ಮನಸ್ಸಲ್ಲಿ ಕೊರೆಯುತ್ತಿದೆ.

ಭಟ್ಟಿ ಓಣಿ ಅಕ್ಕ

ಅಣ್ಣಾರೆ, ಬರೆದಿದ್ದಕ್ಕೆ ತುಂಬಾ ಸಮಾಧಾನ ಆಯಿತು. ನಮ್ಮ ಅಜ್ಜಿಯೂ ಹೀಗೇ ಹೇಳುತ್ತಿದ್ದರು. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ದೋಷ ಹೋಗಲ್ಲ ಅಂತ. ಅದಕ್ಕೇ ನಮ್ಮ ಮನೆಯಲ್ಲಿ ಯಾರೂ ಬೆಕ್ಕಿಗೆ ಕೋಲು ಎತ್ತಿದವರಲ್ಲ.

ಪಾಪದ ಬಗ್ಗೆ ನಾನೂ ಯೋಚನೆ ಮಾಡಿದೆ. ಆ ಮೂರು ಮರಿಗಳನ್ನು ಹಿತ್ತಲ ಕರಿಬೇವಿನ ಬುಡದಲ್ಲಿ ಹೂತಿದ್ದೇನೆ. ಮೂರೂ ಸೇರಿ ನನ್ನ ಅಂಗೈಯಷ್ಟು ಇರಲಿಲ್ಲ. ಹುಟ್ಟಿ, ಹಸಿದು, ಇರುವೆ ಬಾಯಿಗೆ ಬೀಳುವ ಜೀವ ಹುಟ್ಟದೇ ಇದ್ದಿದ್ದರೆ ಯಾರಿಗೆ ಅನ್ಯಾಯವಾಗುತ್ತಿತ್ತು? ನನಗೆ ತಿಳಿದದ್ದು ಇಷ್ಟೇ ಅಣ್ಣಾರೆ. ನೀವೂ ನಿಮ್ಮ ಹಿರಿಯರನ್ನು ಒಂದು ಮಾತು ಕೇಳಿ.

ನಿಟುವಳ್ಳಿ ಹುಡುಗ

ಹಿಡಿಯುವ ರೀತಿ ಹೇಳುತ್ತೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಬೋನು ಮಾಡಿಸಬಹುದು. ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಒಳಗಿನ ತಟ್ಟೆ ತುಳಿದರೆ ಹಿಂದೆ ಬಾಗಿಲು ಬೀಳಬೇಕು. ಜಾಲರಿ ಕಣ್ಣು ಚಿಕ್ಕದಿರಲಿ, ತಂತಿಯ ಚೂಪು ಒಳಗೆ ಬರಬಾರದು, ಗಾಬರಿಯಲ್ಲಿ ಮೂಗು ಉಜ್ಜಿ ಗಾಯ ಮಾಡಿಕೊಳ್ಳುತ್ತವೆ.

ತಂದ ದಿನವೇ ಹಿಡಿಯಲು ಹೋಗಬೇಡಿ. ಒಂದು ವಾರ ಬಾಗಿಲನ್ನು ಮೇಲಕ್ಕೆ ಕಟ್ಟಿಟ್ಟು, ದಿನಾ ಒಂದೇ ಹೊತ್ತಿಗೆ ಬೋನಿನ ಒಳಗೇ ಊಟ ಹಾಕಿ. ಹಿಡಿಯುವ ಹಿಂದಿನ ದಿನ ಊಟ ಬೇಡ. ಆಮೇಲೆ ಒಣಮೀನೋ ಕೋಳಿ ಲಿವರೋ ಒಂದು ಚೂರು ಇಟ್ಟರೆ ಸಾಕು. ಬಾಗಿಲು ಬಿದ್ದ ತಕ್ಷಣ ಬೋನಿನ ಮೇಲೆ ಹಳೇ ಬೆಡ್‌ಶೀಟ್ ಮುಚ್ಚಿ. ಕತ್ತಲಾದರೆ ಸುಮ್ನೆ ಕೂರುತ್ತದೆ. ಯಾವ ಕಾರಣಕ್ಕೂ ಕೈ ಒಳಗೆ ಹಾಕಬೇಡಿ.

ಮುಖ್ಯವಾದ ಮಾತು: ಹಿಡಿದದ್ದು ಹೆಣ್ಣಾದರೆ ಹೊಟ್ಟೆ ನೋಡಿ. ಮೊಲೆ ಸುತ್ತ ಕೂದಲು ಹೋಗಿ ಗುಲಾಬಿ ಬಣ್ಣ ಕಾಣುತ್ತಿದ್ದರೆ ಎಲ್ಲೋ ಮರಿ ಇವೆ ಅಂತ ಅರ್ಥ. ಡಾಕ್ಟರಿಗೆ ಹೇಳಿ, ಆದಷ್ಟು ಬೇಗ ಮರಿಗಳ ಹತ್ತಿರ ಬಿಡಬೇಕು.

ವಿದ್ಯಾನಗರದಾಕೆ

ನನಗೆ ಈಗ ಐದು ತಿಂಗಳು. ಹಿತ್ತಲಿಗೆ ಎರಡು ಬೆಕ್ಕು ಬರುತ್ತವೆ, ದಿನಾ ಅನ್ನ ಹಾಕುತ್ತೇನೆ. ಗರ್ಭಿಣಿಯರಿಗೆ ಬೆಕ್ಕಿನಿಂದ ರೋಗ ಬರುತ್ತೆ ಅಂತ ಅತ್ತೆ ಹೆದರಿ ಓಡಿಸಲು ಹೇಳುತ್ತಿದ್ದಾರೆ. ನಿಜವಾ ಡಾಕ್ಟ್ರೇ?

ಪ್ರಾಣಿ ಡಾಕ್ಟರ್

ಅಮ್ಮಾ, ಅತ್ತೆಯವರ ಹೆದರಿಕೆಗೆ ಕಾರಣ ಇದೆ. ಆ ರೋಗ ತರುವ ಪರಾವಲಂಬಿ ಜೀವಿಯ ಹೆಸರು ಟಾಕ್ಸೊಪ್ಲಾಸ್ಮಾ. ಮೊದಲ ಸಲ ಸೋಂಕು ತಗಲಿದ ಬೆಕ್ಕಿನ ಮಲದಲ್ಲಿ ಒಂದರಿಂದ ಮೂರು ವಾರ ಇದರ ಮೊಟ್ಟೆಗಳು ಬರುತ್ತವೆ. ಹೊರಬಿದ್ದ ಮೇಲೆ ಅವು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಬೆಕ್ಕು ಪಕ್ಕದಲ್ಲಿ ಕೂತ ಮಾತ್ರಕ್ಕೆ ಬರುವುದಿಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಮಣ್ಣು ಮುಟ್ಟಿದ ಕೈ, ಇವೇ ದೊಡ್ಡ ದಾರಿ. ಅನ್ನ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ. ಮಲ ಎತ್ತುವುದು, ಕುಂಡದ ಮಣ್ಣು ಕೆದಕುವುದು ಹೆರಿಗೆಯಾಗುವವರೆಗೆ ಬೇರೆಯವರು ಮಾಡಲಿ. ನಿಮ್ಮ ಹೆರಿಗೆ ಡಾಕ್ಟರಿಗೂ ಒಂದು ಮಾತು ಹೇಳಿಡಿ.

ಎಲ್ಲರಿಗೂ ಇನ್ನೊಂದು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾಯಿಯಷ್ಟೇ ಅಲ್ಲ, ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಆಪರೇಷನ್ ದಿನವೇ ಬೆಕ್ಕಿಗೂ ರೇಬಿಸ್ ಚುಚ್ಚುಮದ್ದು ಹಾಕಿಸಿಬಿಡಿ, ಮತ್ತೆ ಕೈಗೆ ಸಿಗುವುದಿಲ್ಲ.

ಮನೆ ಔಷಧಿ ಬೇಡ. ಜ್ವರ ಅಂತ ಪ್ಯಾರಾಸಿಟಮಾಲ್ ಚೂರು ಹಾಲಿಗೆ ಹಾಕಿ ಕೊಟ್ಟು, ಆಮೇಲೆ ನನ್ನ ಹತ್ತಿರ ತಂದವರಿದ್ದಾರೆ. ಅದು ಬೆಕ್ಕಿಗೆ ಪ್ರಾಣಾಂತಿಕ. ನಾಯಿಗೆ ಹಚ್ಚುವ ಉಣ್ಣೆ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಅಷ್ಟೇ.

ಭಟ್ಟಿ ಓಣಿ ಅಕ್ಕ
(ಮೂರು ವಾರದ ಮೇಲೆ)

ಏನಾಯಿತು ಅಂತ ಬರೆಯುತ್ತೇನೆ, ಬೇರೆ ಓಣಿಯವರಿಗೂ ಉಪಯೋಗವಾಗಲಿ.

ಮೊದಲ ಸಲ ತಪ್ಪು ಮಾಡಿದೆ. ಬೋನಿಗೆ ಬಿದ್ದ ಬೆಕ್ಕು ಪಾಪ ಹಸಿದಿದೆ ಅಂತ ರಾತ್ರಿ ಸಂದಿಯಿಂದ ಮೀನು ಹಾಕಿದ್ದೆ. ಬೆಳಗ್ಗೆ ಕ್ಲಿನಿಕ್‌ನಲ್ಲಿ ಹೊಟ್ಟೆ ತುಂಬಿದೆ, ಮತ್ತಿನ ಮದ್ದು ಕೊಟ್ಟರೆ ವಾಂತಿಯಾಗಿ ಶ್ವಾಸಕ್ಕೆ ಹೋಗುತ್ತದೆ ಅಂತ ವಾಪಸ್ ಕಳಿಸಿದರು. ಅದಕ್ಕೂ ಮುಂಚೆ ಹೋದ ಇನ್ನೊಂದು ಕಡೆ ಸಾಕದ ಬೆಕ್ಕನ್ನು ಮುಟ್ಟುವುದಿಲ್ಲ ಅಂದಿದ್ದರು. ಹಾಗಾಗಿ ಫೋನ್ ಮಾಡಿ, ಕೈಗೆ ಸಿಗದ ಬೆಕ್ಕು, ಬೋನಿನಲ್ಲೇ ತರುತ್ತೇನೆ ಅಂತ ಮೊದಲೇ ಹೇಳಿ ಹೋಗಿ.

ಆ ಬೂದು ಹೆಣ್ಣನ್ನು ಹಿಡಿದ ರಾತ್ರಿ ಮರೆಯಲಾರೆ. ಒಂಬತ್ತಕ್ಕೆ ಭಟ್ಟಿಯ ಒಳಗೆ ಬೋನು ಇಟ್ಟು, ನಾನು ಮತ್ತು ಭಟ್ಟಿ ಅಣ್ಣನ ಮನೆಯಾಕೆ ಭತ್ತದ ಚೀಲಗಳ ಹಿಂದೆ ಕೂತೆವು. ಹತ್ತೂವರೆಗೆ ಬಂತು. ಮೂತಿ ಒಳಗಿಟ್ಟಿತು, ಹಿಂದೆ ಸರಿಯಿತು. ಬೋನಿನ ಸುತ್ತ ಒಂದು ಸುತ್ತು ಹಾಕಿತು. ಮತ್ತೆ ಮುಂಗಾಲು ಒಳಗಿಟ್ಟು, ಮೈ ಉದ್ದ ಮಾಡಿ, ಹಿಂಗಾಲು ಹೊರಗೇ ಇಟ್ಟುಕೊಂಡು ಲಿವರ್ ಚೂರನ್ನು ಉಗುರಿನಿಂದ ಎಳೆಯಲು ನೋಡಿತು. ನಾವಿಬ್ಬರೂ ಉಸಿರು ಬಿಗಿ ಹಿಡಿದಿದ್ದೆವು. ಕೊನೆಗೆ ಬಲ ಹಿಂಗಾಲು ಒಳಗೆ ಬಂತು, ಆಮೇಲೆ ಎಡಗಾಲು. ಬಾಗಿಲು ಬಿತ್ತು. ಅದು ಹೊರಳಾಡಿದ ರಭಸಕ್ಕೆ ಬೋನೇ ಅರ್ಧ ಅಡಿ ಸರಿಯಿತು. ಬೆಡ್‌ಶೀಟ್ ಮುಚ್ಚಿದೆವು. ಒಂದು ನಿಮಿಷದಲ್ಲಿ ಶಬ್ದ ನಿಂತಿತು. ಬಟ್ಟೆ ಮೇಲೆ ಕೈ ಇಟ್ಟರೆ ಒಳಗಿನ ಬಿಸಿ ತಾಗುತ್ತಿತ್ತು.

ಆಪರೇಷನ್ ಆಯಿತು. ಕರಗುವ ದಾರದ ಹೊಲಿಗೆ, ಬಿಚ್ಚಿಸುವ ಕೆಲಸ ಇಲ್ಲ. ಒಂದು ರಾತ್ರಿ ನಮ್ಮ ಪಡಸಾಲೆಯಲ್ಲಿ ಬೋನಿನಲ್ಲೇ ಇತ್ತು. ಮಾರನೇ ಸಂಜೆ ಭಟ್ಟಿಗೆ ಒಯ್ದು ಬಾಗಿಲು ತೆಗೆದರೆ ಗುಂಡಿನ ಹಾಗೆ ಓಡಿತು. ಎರಡು ದಿನ ಕಾಣಲಿಲ್ಲ, ನನಗೆ ಜೀವ ಹೋದ ಹಾಗಾಗಿತ್ತು. ಮೂರನೇ ದಿನ ಬೆಳಗಿನ ಜಾವ ಅಣ್ಣ ಫೋಟೋ ಕಳಿಸಿದರು. ಬೂದಿ ಗುಡ್ಡೆಯ ಮೇಲೆ ಎರಡು ಕಣ್ಣು, ಒಂದು ಮೊಂಡು ಕಿವಿ.

ಎಪಿಎಂಸಿಯಲ್ಲಿ ಬಿಟ್ಟ ಮೂರನ್ನು ಹುಡುಕಿಕೊಂಡು ಎರಡು ಸಂಜೆ ಹೋಗಿದ್ದೆವು. ಸಿಗಲಿಲ್ಲ.

ಮಂಡಕ್ಕಿ ಅಣ್ಣ

ಅಕ್ಕಾ, ಇನ್ನೊಂದು ವಿಷಯ ಹಾಕಿ. ಊಟ ಹಾಕೋರು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ನಾವು ಸಂಜೆ ಏಳಕ್ಕೆ ಹಾಕ್ತೀವಿ, ಏಳೂವರೆಗೆ ತಟ್ಟೆ ಎತ್ತಿ ಜಾಗ ತೊಳೀತೀವಿ. ಮೊದಲು ಯಾರ್ಯಾರೋ ಎಲ್ಲೆಲ್ಲೋ ಸುರೀತಿದ್ದರು, ಅದಕ್ಕೇ ಹೆಗ್ಗಣ, ನಾಯಿ, ಜಗಳ ಎಲ್ಲ. ಈಗ ಆ ತಕರಾರು ನಿಂತಿದೆ. ಹೊಸ ಬೆಕ್ಕು ಬಂದರೂ ಅಲ್ಲೇ ಕಣ್ಣಿಗೆ ಬೀಳುತ್ತೆ, ಕಿವಿ ನೋಡಿದರೆ ಆಯ್ತು. ನಮ್ಮ ಹಿರಿಯರನ್ನೂ ಕೇಳಿದೆ. ನೋವಾಗದ ಹಾಗೆ ಮಾಡಿಸು, ಆಮೇಲೆ ಊಟ ತಪ್ಪಿಸಬೇಡ ಅಂದರು.

ನಿಟುವಳ್ಳಿ ಹುಡುಗ

ಇನ್ನೂ ಚೀಲದ ಮಾತಾಡುವವರಿಗೆ ಕಾನೂನೂ ಗೊತ್ತಿರಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಿಂದಲೂ ಇದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಪ್ರಾಣಿಯನ್ನು ಬಿಟ್ಟು ಬರುವುದೂ ಅದರ 11ನೇ ಸೆಕ್ಷನ್‌ನಲ್ಲಿ ಬರುತ್ತದೆ. ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ನಮ್ಮ ಬೀದಿಯಲ್ಲಿ ಕೆಲಸ ಆಗಿದ್ದು ಕಾನೂನು ಹೇಳಿ ಅಲ್ಲ. ಎಂಟು ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡಿದ್ದಕ್ಕೆ.

ಕೆ.ಬಿ. ಬಡಾವಣೆ ಮೇಷ್ಟ್ರು

ಜಾಲರಿ ಹಾಸಿದೆ, ಮರಳೂ ಸುರಿದೆ. ಮೆಂತ್ಯ ಎರಡೆಲೆ ಒಡೆದಿದೆ, ಒಂದು ಕಡೆಯೂ ಕೆದರಿಲ್ಲ. ಬೆಳಗ್ಗೆ ಮರಳಿನಲ್ಲಿದ್ದದ್ದನ್ನು ಸಲಿಕೆಯಲ್ಲಿ ಎತ್ತಿ ಹೂಳುತ್ತೇನೆ. ನಮ್ಮ ಕಾಂಪೌಂಡಿಗೆ ಬರುವವು ಮೂರು, ಯಾವುದರ ಕಿವಿಯೂ ಕತ್ತರಿಸಿಲ್ಲ. ಒಂದರ ಹೊಟ್ಟೆ ದಪ್ಪಗಿದೆ. ಬೋನು ಯಾವಾಗ ಸಿಗುತ್ತದೆ ತಾಯಿ?

ಭಟ್ಟಿ ಓಣಿ ಅಕ್ಕ

ಮೇಷ್ಟ್ರೇ, ಇದೇ ಭಾನುವಾರ ತರುತ್ತೇನೆ. ಇವತ್ತಿನಿಂದಲೇ ಸಂಜೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕಲು ಶುರು ಮಾಡಿ. ಹೊಟ್ಟೆ ದಪ್ಪ ಇರುವುದನ್ನು ಮೊದಲು ಡಾಕ್ಟರಿಗೆ ಕೇಳಿಯೇ ಮುಂದುವರಿಯೋಣ.

ನಮ್ಮ ಓಣಿಯಲ್ಲಿ 14ರಲ್ಲಿ 11 ಆಗಿವೆ. ಉಳಿದ ಮೂರು ಗಡವ, ಒಂದು ಬಹಳ ಚಾಲಾಕಿ, ಬೋನಿನ ಮೇಲೆಯೇ ಮಲಗುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ. ಬದುಕಿದ ಮರಿಗೆ ಈಗ ನಾಲ್ಕು ವಾರ. ಕಣ್ಣು ನೀಲಿ, ಹೊಟ್ಟೆ ಉಬ್ಬಿಸಿಕೊಂಡು ಅಡುಗೆಮನೆಯೆಲ್ಲ ಓಡಾಡುತ್ತದೆ. ಈ ವಯಸ್ಸಿನಲ್ಲಿ ಮನುಷ್ಯರ ಕೈ ಒಗ್ಗಿದರೆ ಸಾಕುಬೆಕ್ಕಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಚೀಲ ಹಿಡಿದಿದ್ದವರಲ್ಲಿ ತಲೆ ತಗ್ಗಿಸಿ ಹೋಗಿದ್ದರಲ್ಲ, ಅವರ ಮಗಳು ದಿನಾ ಬಂದು ಎತ್ತಿಕೊಳ್ಳುತ್ತಾಳೆ. ಎಂಟು ವಾರ ತುಂಬಿ ಲಸಿಕೆ ಆದ ಮೇಲೆ ಅವರ ಮನೆಗೇ ಕೊಡುತ್ತೇನೆ.

ಬೋನು ಬೇಕಾದವರು ಇಲ್ಲೇ ಹೇಳಿ, ಸರದಿ ಬರೆದುಕೊಳ್ಳುತ್ತೇನೆ. ಬೆಡ್‌ಶೀಟ್ ನೀವೇ ತನ್ನಿ, ನನ್ನದು ಒಗೆದು ಒಗೆದು ಹರಿದಿದೆ.